ರೇಖೆಯ ಸಾಕ್ಷ್ಯ: ಶೃಂಗೇರಿ ಸೀಮೆಯ ಕಟ್ಟಡಗಳೂ ಸ್ಥಳಚಿತ್ರಣವೂ

ಕನ್ನಡನಾಡಿನ ದೇವಾಲಯಗಳನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರೆಹ ಅಲ್ಪವೇನೂ ಅಲ್ಲ. ಆದರೆ ಅದರಲ್ಲಿ ಬಹುಭಾಗವನ್ನು ಓದಿ ಮುಗಿಸಿದ ಮೇಲೆ ವಾಚಕನ ಕಣ್ಣಮುಂದೆ ಕಟ್ಟಡವು ನಿಲ್ಲುವುದಿಲ್ಲ. ವಿಶೇಷಣಗಳ ರಾಶಿಯೊಂದು ಮಾತ್ರ ಉಳಿಯುತ್ತದೆ. ‘ಅತ್ಯದ್ಭುತ’, ‘ಅನುಪಮ’, ‘ಶಿಲ್ಪಕಲೆಯ ಪರಾಕಾಷ್ಠೆ’ ಎಂಬ ಮಾತುಗಳು ಬೇಲೂರಿಗೂ ಸಲ್ಲುತ್ತವೆ, ಲಕ್ಕುಂಡಿಗೂ ಸಲ್ಲುತ್ತವೆ, ಶೃಂಗೇರಿಗೂ ಸಲ್ಲುತ್ತವೆ. ಊರ ಹೆಸರನ್ನು ಮುಚ್ಚಿ ಓದಿದರೆ ಇದು ಯಾವ ಗುಡಿಯೆಂದು ಹೇಳುವುದು ಅಸಾಧ್ಯ. ಈ ರೂಢಿಗೆ ಹಳೆಯ ಮೂಲವುಂಟು. ಚಂಪೂಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಪುರವರ್ಣನೆಯೂ ಒಂದು. ಅಲ್ಲಿ ಕೋಟೆ, ಅಗಳು, ಮಾಡ, ದೇಗುಲಗಳು ಕವಿಸಮಯಕ್ಕೆ ಒಳಪಟ್ಟು ಬರುತ್ತವೆ. ಕಾವ್ಯಕ್ಕೆ ಅದು ದೋಷವಲ್ಲ, ಕವಿಗೆ ಬೇಕಾದುದು ಪುರದ ವೈಭವವೇ ಹೊರತು ಅದರ ಅಳತೆಯಲ್ಲ. ಶಾಸ್ತ್ರೀಯವಾದ ಗದ್ಯವೂ ಅದೇ ಜಾಡಿನಲ್ಲಿ ನಡೆದಾಗ ಕೇಡು ಒದಗುತ್ತದೆ. ವಸ್ತುವನ್ನು ನೋಡದೆಯೇ ವಸ್ತುವನ್ನು ಹೊಗಳುವ ಸಾಮರ್ಥ್ಯವು ಭಾಷೆಗೆ ಬಂದುಬಿಡುತ್ತದೆ.

ಈ ರೋಗಕ್ಕೆ ಒಂದು ಹಳೆಯ ಮದ್ದುಂಟು. ಅದು ಕಟ್ಟಡದ ಎದುರಿಗೆ, ಬಯಲಿನಲ್ಲಿ ಕುಳಿತು, ಅದರ ಒಂದೊಂದು ಅಂಗವನ್ನು ಕೈಯಾರೆ ಗೆರೆಯಲ್ಲಿ ಬರೆದುಕೊಳ್ಳುವುದು. ಇದನ್ನು ಇಲ್ಲಿ ಸ್ಥಳಚಿತ್ರಣವೆಂದು ಕರೆಯಬಹುದು. ಇದನ್ನು ಚಿತ್ರಕಾರರ ವಿನೋದವೆಂದೋ ಇಂಜಿನಿಯರುಗಳ ಕಸಬೆಂದೋ ವಿದ್ವಾಂಸರು ದೂರವಿಟ್ಟಿರುವುದುಂಟು. ವಿಚಾರಮಾಡಿ ನೋಡಿದರೆ ಇದು ವಿಮರ್ಶೆಯ ಒಂದು ಪ್ರಕಾರವೆಂದೇ ತೋರುತ್ತದೆ. ಕಂಬವನ್ನು ಬರೆಯತೊಡಗಿದವನು ಅದರ ಮುಖಗಳನ್ನು ಎಣಿಸಲೇಬೇಕು. ಪೀಠವು ಎತ್ತರದಲ್ಲಿ ಎಷ್ಟನೆಯ ಪಾಲು, ಬೋದಿಗೆ ಎಷ್ಟನೆಯ ಪಾಲು ಎಂದು ತೂಗಲೇಬೇಕು. ಒಂದು ಪಟ್ಟಿಕೆ ಎಲ್ಲಿ ಮುಗಿದು ಮತ್ತೊಂದು ಎಲ್ಲಿ ಮೊದಲಾಗುತ್ತದೆಂಬುದನ್ನು ನಿರ್ಣಯಿಸಲೇಬೇಕು. ಹಾಗೆ ನಿರ್ಣಯಿಸಿದ ಒಡನೆಯೇ ಆ ಎರಡಕ್ಕೂ ಬೇರೆ ಬೇರೆ ಹೆಸರುಗಳು ಬೇಕಾಗುತ್ತವೆ. ಜಗತಿ, ಕುಮುದ, ಕಪೋತ ಎಂಬ ಶಬ್ದಗಳು ನಿಘಂಟಿನಲ್ಲಿ ಪರ್ಯಾಯಪದಗಳಂತೆ ಮಲಗಿರುತ್ತವೆ; ಅಧಿಷ್ಠಾನದ ಪಾರ್ಶ್ವರೇಖೆಯನ್ನು ಒಮ್ಮೆ ಬರೆದವನಿಗೆ ಅವು ಬೇರೆ ಬೇರೆ ಆಕೃತಿಗಳಾಗಿ ಎದ್ದುನಿಲ್ಲುತ್ತವೆ. ಎಣಿಕೆ, ಪ್ರಮಾಣ, ಸಂಜ್ಞೆ ಈ ಮೂರನ್ನೂ ಗೆರೆಯು ಬಲವಂತದಿಂದ ಕಲಿಸುತ್ತದೆ.

ಪರದೇಶದ ಒಂದು ನಿದರ್ಶನ ಇಲ್ಲಿ ಉಪಯುಕ್ತವಾದುದು. ಜಾನ್ ರಸ್ಕಿನ್ನನು 1849ರಲ್ಲಿ ವೆನಿಸ್ ನಗರಕ್ಕೆ ಹೋದಾಗ ಅಲ್ಲಿಯ ಮುಖ್ಯ ಕಟ್ಟಡಗಳ ಕಾಲವನ್ನು ಸ್ಥಳೀಯ ಪಂಡಿತರಿಂದ ಸುಲಭವಾಗಿ ತಿಳಿಯಬಹುದೆಂದು ಎಣಿಸಿದ್ದನು. ಪಂಡಿತರ ಅಭಿಪ್ರಾಯಗಳು ಒಂದಕ್ಕೊಂದು ಹೊಂದದೆ ಹೋದುವು. ಆಗ ಅವನಿಗೆ ಉಳಿದ ದಾರಿ ಒಂದೇ: ಕಾಲುವೆಗಳ ದಡದಲ್ಲಿ, ಬೀದಿಗಳಲ್ಲಿ, ಅರಮನೆಯ ಮೊಗಸಾಲೆಗಳಲ್ಲಿ ನಿಂತು ಕಮಾನು, ಕಂಬದ ತಲೆ, ಅಂಚುಪಟ್ಟಿ, ಕಿಟಕಿಯ ಚೌಕಟ್ಟುಗಳನ್ನು ಅಳೆದು ಬರೆದು ಒಂದರ ಪಕ್ಕದಲ್ಲೊಂದನ್ನಿಟ್ಟು ನೋಡುವುದು. 1851ರಿಂದ 1853ರ ವರೆಗೆ ಮೂರು ಸಂಪುಟಗಳಲ್ಲಿ ಹೊರಬಂದ ‘ದಿ ಸ್ಟೋನ್ಸ್ ಆಫ್ ವೆನಿಸ್’ ಗ್ರಂಥದ ಅಡಿಪಾಯ ಈ ಚಿತ್ರಗಳೇ. ಆ ಕಾಲಕ್ಕೆ ಹೊಸದಾಗಿದ್ದ ಛಾಯಾಚಿತ್ರವನ್ನೂ ಅವನು ಬಳಸಿಕೊಂಡನು; ಆದರೆ ಅದು ಕೈಯ ಕೆಲಸಕ್ಕೆ ಬದಲಾಗಲಿಲ್ಲ. ಅವನ ಧರ್ಮೋಪದೇಶದ ಧ್ವನಿಯನ್ನು ಒಪ್ಪದವರೂ ಈ ಕ್ರಮವನ್ನು ಒಪ್ಪಬೇಕಾಗುತ್ತದೆ. ಲಿಖಿತಸಾಕ್ಷ್ಯವು ಮೌನವಾಗಿರುವಲ್ಲಿ ಅಥವಾ ಭಿನ್ನವಾಗಿರುವಲ್ಲಿ ಅಂಚುಪಟ್ಟಿಯ ಗೆರೆಯೇ ಸಾಕ್ಷಿ ಹೇಳಬಲ್ಲದೆಂಬುದನ್ನು ಅದು ತೋರಿಸಿಕೊಟ್ಟಿತು.

ಕರ್ಣಾಟಕದಲ್ಲಿ ಈ ಕೆಲಸ ನಡೆದಿಲ್ಲವೆಂದು ಹೇಳಲಾಗದು. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಸೈನ್ಯದೊಡನೆ ಬಂದ ರಾಬರ್ಟ್ ಹೋಮನ ಚಿತ್ರಗಳು 1794ರಲ್ಲಿ ಪ್ರಕಟವಾದುವು. ಕಾಲಿನ್ ಮೆಕೆಂಜಿಯು 1799ರಲ್ಲಿ ಹಂಪೆಯ ನಕ್ಷೆಯನ್ನು ಸಿದ್ಧಗೊಳಿಸಿದನು. ಇವುಗಳಲ್ಲಿ ದೃಶ್ಯವೂ ನೆಲದ ವಿನ್ಯಾಸವೂ ಪ್ರಧಾನ. ಕಟ್ಟಡದ ಅಂಗಾಂಗಗಳ ವಿವರಣೆ ಅವುಗಳ ಗುರಿಯಲ್ಲ. ಅಂಗವಿವರಣೆಯನ್ನು ಶಾಸ್ತ್ರದ ಮಟ್ಟಕ್ಕೆ ತಂದವನು ಜೇಮ್ಸ್ ಫರ್ಗುಸನ್. ನೀಲಿಯ ವ್ಯಾಪಾರದಿಂದ ಬದುಕಿದ ಈತನು ಭರತಖಂಡವನ್ನು ಸುತ್ತುವಾಗ ಕ್ಯಾಮೆರಾ ಲೂಸಿಡಾ ಎಂಬ ಪಟ್ಟಕದ ಉಪಕರಣದ ಸಹಾಯದಿಂದ ಸ್ಥಳದಲ್ಲಿಯೇ ಕಟ್ಟಡಗಳನ್ನು ಬರೆದುಕೊಂಡನು. ಧಾರವಾಡ ಮೈಸೂರು ಸೀಮೆಗಳ ಕಟ್ಟಡಗಳ ಛಾಯಾಚಿತ್ರಗಳು 1866ರಲ್ಲಿ ಗ್ರಂಥರೂಪವಾಗಿ ಬಂದಾಗ ಅದರ ವಾಸ್ತುಟಿಪ್ಪಣಿಗಳನ್ನು ಬರೆದವನೂ ಇವನೇ.

ಫರ್ಗುಸನ್ನನ ಗುಣದೋಷಗಳೆರಡೂ ಅವನ 1876ರ ಗ್ರಂಥದಲ್ಲಿರುವ ಹಳೇಬೀಡಿನ ದೇವಾಲಯದ ಚಿತ್ರದಲ್ಲಿ ಕಾಣುತ್ತವೆ. ಇಂದು ಶಿಖರವಿಲ್ಲದೆ ನಿಂತಿರುವ ಆ ಕಟ್ಟಡಕ್ಕೆ ಅವನು ಶಿಖರಗಳನ್ನು ಊಹಿಸಿ ಸೇರಿಸಿ, ಪೂರ್ಣರೂಪವನ್ನು ಬರೆದುಕೊಟ್ಟನು. ಗೋಡೆಯ ಮೂಲೆಗಳ ಲಯವನ್ನು ಅರಿಯದವನು ಅಂಥ ಊಹೆಯನ್ನು ಮಾಡಲಾರನಾದುದರಿಂದ ಆ ಚಿತ್ರವು ಅವನ ತಿಳಿವಳಿಕೆಗೆ ಸಾಕ್ಷಿ. ಆದರೆ ಕಂಡ ಗೆರೆಗೂ ಊಹಿಸಿದ ಗೆರೆಗೂ ಅಲ್ಲಿ ಒಂದೇ ಮಸಿ. ಶೀರ್ಷಿಕೆಯನ್ನು ಓದದೆ ಹಾಳೆಯನ್ನು ತಿರುವಿದ ವಾಚಕನು ಆ ಶಿಖರಗಳು ಹಳೇಬೀಡಿನಲ್ಲಿ ಇವೆಯೆಂದೇ ನಂಬುವನು.

ಈ ದೋಷದಿಂದ ಬಹುಮಟ್ಟಿಗೆ ಪಾರಾದುದು ಅಲೆಗ್ಸಾಂಡರ್ ರೀ 1896ರಲ್ಲಿ ಪ್ರಕಟಿಸಿದ ಚಾಲುಕ್ಯವಾಸ್ತುವಿನ ಗ್ರಂಥ. ಆಗ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಬಾಗಳಿ, ಮಾಗಳ, ಕುರುವತ್ತಿ, ಹಡಗಲಿ ಮೊದಲಾದ ಊರುಗಳ ಗುಡಿಗಳನ್ನು ಅದು ಬಾಗಿಲುವಾಡ, ಕಂಬ, ಭುವನೇಶ್ವರಿ ಎಂದು ಬಿಡಿಬಿಡಿಯಾಗಿ ಅಳತೆಯ ಚಿತ್ರಗಳಲ್ಲಿ ಕೊಡುತ್ತದೆ. ಇಡಿಯ ದೃಶ್ಯದ ಮೋಹವನ್ನು ಬಿಟ್ಟು ಬಿಡಿಯಂಗಕ್ಕೆ ಮರ್ಯಾದೆ ಕೊಟ್ಟುದೇ ಅದರ ಹೆಚ್ಚುಗಾರಿಕೆ. ಹೆನ್ರಿ ಕಸಿನ್ಸರು 1926ರಲ್ಲಿ ಪ್ರಕಟಿಸಿದ ಕನ್ನಡ ಜಿಲ್ಲೆಗಳ ಚಾಲುಕ್ಯವಾಸ್ತುವಿನ ಗ್ರಂಥವೂ ಈ ದಾರಿಯಲ್ಲಿ ಮುಂದುವರಿದುದು. ಮೈಸೂರಿನಲ್ಲಿ ಆರ್. ನರಸಿಂಹಾಚಾರ್ಯರು ಸೋಮನಾಥಪುರ (1917), ಬೇಲೂರು, ದೊಡ್ಡಗದ್ದವಳ್ಳಿ (1919) ದೇವಾಲಯಗಳನ್ನು ಕುರಿತು ಪ್ರತ್ಯೇಕ ಪುಸ್ತಕಗಳನ್ನು ಬರೆದರು. ಶಿಲ್ಪಿಗಳ ಹೆಸರುಗಳನ್ನು ವಿಗ್ರಹಗಳ ಪೀಠಗಳಿಂದ ಓದಿ ತೆಗೆದು, ಅನಾಮಧೇಯವೆಂದು ಬಗೆದಿದ್ದ ಕಲೆಗೆ ಮಲ್ಲಿತಮ್ಮ, ದಾಸೋಜ, ಚಾವಣರೆಂಬ ಕರ್ತೃಗಳನ್ನು ಒದಗಿಸಿದ ಕೀರ್ತಿ ಅವರದು. ಆದರೆ ನರಸಿಂಹಾಚಾರ್ಯರು ಮುಖ್ಯವಾಗಿ ಅಕ್ಷರದ ವಿದ್ವಾಂಸರು; ಅವರ ಕಣ್ಣು ಬರೆಹವಿದ್ದ ಕಡೆ ನಿಂತಿತು. ಅವರ ತರುವಾಯ ಕನ್ನಡದಲ್ಲಿ ಬರೆದವರಲ್ಲಿ ಅನೇಕರು ಅವರ ವಾಕ್ಯಗಳನ್ನು ಅನುಸರಿಸಿದರೇ ಹೊರತು ಅವರ ನೋಟವನ್ನು ಮುಂದುವರಿಸಲಿಲ್ಲ.

ಗೆರೆಯಿಂದ ಮಾತ್ರವೇ ತಿಳಿಯತಕ್ಕ ವಿಷಯವುಂಟೆಂಬುದಕ್ಕೆ ನಕ್ಷತ್ರಾಕೃತಿಯ ತಳಹದಿಗಳು ನಿದರ್ಶನ. ಗದಗಿನ ಸೀಮೆಯ ಡಂಬಳದಲ್ಲಿರುವ ದೊಡ್ಡಬಸಪ್ಪನ ಗುಡಿಯ ವಿಮಾನಕ್ಕೆ ಇಪ್ಪತ್ತನಾಲ್ಕು ಮೊನೆಗಳು. ನೋಡುವವನಿಗೆ ಅದು ಗೋಜಲಾದ ಏರಿಳಿತ. ಬರೆಯುವವನು ಒಂದು ಚೌಕವನ್ನು ಅದರ ಮಧ್ಯಬಿಂದುವಿನ ಸುತ್ತ ಹದಿನೈದು ಹದಿನೈದು ಅಂಶಗಳಂತೆ ತಿರುಗಿಸುತ್ತ ಹೋದರೆ, ಆರು ಚೌಕಗಳ ಇಪ್ಪತ್ತನಾಲ್ಕು ಮೂಲೆಗಳೇ ಆ ಮೊನೆಗಳೆಂದು ಕಂಡುಕೊಳ್ಳುತ್ತಾನೆ. ಸೋಮನಾಥಪುರದ ಹದಿನಾರು ಮೊನೆಗಳಿಗೆ ನಾಲ್ಕು ಚೌಕಗಳು, ಇಪ್ಪತ್ತೆರಡೂವರೆ ಅಂಶಗಳ ತಿರುವು. ಗೋಜಲೆಂದು ತೋರಿದುದು ಹಗ್ಗ ಮತ್ತು ಗೂಟದಿಂದ ಸಾಧಿಸಬಹುದಾದ ಸರಳ ಕ್ರಿಯೆಯಾಗಿ ಬಿಡಿಸಿಕೊಳ್ಳುತ್ತದೆ. ಆಡಂ ಹಾರ್ಡಿಯವರು 1995ರಲ್ಲಿ ಪ್ರಕಟಿಸಿದ ಕರ್ಣಾಟ ದ್ರಾವಿಡ ಸಂಪ್ರದಾಯದ ಗ್ರಂಥವು ಇದೇ ಕ್ರಮದ ಫಲ. ಏಳರಿಂದ ಹದಿಮೂರನೆಯ ಶತಮಾನದ ವರೆಗಿನ ವಿಮಾನಗಳನ್ನು ಗೆರೆಯಲ್ಲಿ ಬಿಡಿಸಿ, ಒಂದು ವಿಮಾನವೆಂದರೆ ಒಳಗಿನಿಂದ ಹೊರಕ್ಕೆ ಮುಂಚಾಚುತ್ತಿರುವ ಕಿರುಗುಡಿಗಳ ಸಮೂಹವೆಂದು ಅವರು ಪ್ರತಿಪಾದಿಸಿದರು. ಆ ವಾದವನ್ನು ಒಪ್ಪಲಿ ಬಿಡಲಿ, ಚಿತ್ರಗಳನ್ನು ತೆಗೆದುಹಾಕಿದರೆ ವಾದವೇ ಉಳಿಯುವುದಿಲ್ಲವೆಂಬುದು ಗಮನಾರ್ಹ.

ಪ್ರಾಚೀನ ಶಿಲ್ಪಿಗಳಿಗೂ ಈ ಅಭ್ಯಾಸವಿದ್ದಂತೆ ತೋರುತ್ತದೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ ದೇವಾಲಯವು ದ್ರಾವಿಡ ಸಂಪ್ರದಾಯದ್ದು. ಆದರೆ ಅದರ ಗೋಡೆಗಳ ಮೇಲೆ ಉತ್ತರದೇಶದ ಬಗೆಯ ಕಿರುಶಿಖರಗಳನ್ನು ಸಣ್ಣ ಕಂಬಗಳ ಮೇಲಿಟ್ಟು ಕಡೆದಿರುವರು. ತಾವು ಕಟ್ಟದಿದ್ದ ಶೈಲಿಗಳ ರೂಪವನ್ನು ಗೋಡೆಯಲ್ಲಿ ಚಿಕ್ಕದಾಗಿ ಬರೆದಿಟ್ಟ ಈ ಕ್ರಮವು ಪರಿಣತರ ಕೈಪುಸ್ತಕವನ್ನೇ ಹೋಲುತ್ತದೆ. ಹೊಳಲಿನ ಶಾಸನವು ಬಮ್ಮೋಜನೆಂಬ ಶಿಲ್ಪಿಯನ್ನು ನಾಗರ, ಕಾಳಿಂಗ, ದ್ರಾವಿಡ, ವೇಸರವೆಂಬ ನಾಲ್ಕು ಜಾತಿಗಳನ್ನು ಬಲ್ಲವನೆಂದು ಹೊಗಳುವುದರ ಅರ್ಥವೂ ಇಂಥ ಗೋಡೆಗಳ ಮುಂದೆ ಹೆಚ್ಚು ಸ್ಪಷ್ಟವಾಗುತ್ತದೆ.

ಈ ದೃಷ್ಟಿಯಿಂದ ಮಲೆನಾಡಿನ ಶೃಂಗೇರಿಯ ವಿದ್ಯಾಶಂಕರ ದೇವಾಲಯವನ್ನು ನೋಡತಕ್ಕದ್ದು. ತುಂಗೆಯ ದಡದಲ್ಲಿ ಎತ್ತರವಾದ ಅಧಿಷ್ಠಾನದ ಮೇಲೆ ನಿಂತಿರುವ ಈ ಕಟ್ಟಡದ ಪೂರ್ವ ಪಶ್ಚಿಮಗಳೆರಡು ತುದಿಗಳೂ ದುಂಡಾದುವು. ದುಂಡಾದ ಗೋಡೆಯ ಒಂದು ಛಾಯಾಚಿತ್ರದಲ್ಲಿ ನಡುವಿನ ಅಂಕಣ ಅಗಲವಾಗಿಯೂ ಅಂಚಿನವು ಇಕ್ಕಟ್ಟಾಗಿಯೂ ಬೀಳುತ್ತವೆ. ಆ ಗೋಡೆಯನ್ನು ಹಾಸಿನಂತೆ ಬಿಚ್ಚಿ ಸಮತಲದಲ್ಲಿ ಬರೆದಾಗ ಮಾತ್ರ ಯಾವ ಮೂರ್ತಿಗೆ ಯಾವುದು ನೆರೆಯೆಂಬುದೂ ಪಟ್ಟಿಕೆಗಳ ಕಥೆ ಎಲ್ಲಿ ತಿರುಗುತ್ತದೆಂಬುದೂ ಸ್ಪಷ್ಟವಾಗುತ್ತದೆ.

ಇದರ ಕಾಲದ ವಿಷಯದಲ್ಲಿ ಒಮ್ಮತವಿಲ್ಲ. 1338ನೆಯ ವರ್ಷವೆಂಬುದು ರೂಢಿಯಲ್ಲಿರುವ ಮಾತು. ಹರಿಹರನೂ ಅವನ ಸೋದರರೂ ಶೃಂಗೇರಿಗೆ ಬಂದು ದತ್ತಿಬಿಟ್ಟ 1346ರ ಶಾಸನವು ವಿಜಯನಗರಕ್ಕೂ ಮಠಕ್ಕೂ ಇದ್ದ ಸಂಬಂಧಕ್ಕೆ ಪ್ರಮಾಣ. ಹಾಗಿದ್ದರೂ ಕಟ್ಟಡದ ರೂಪವನ್ನು ನೋಡಿ ಅದನ್ನು ಹದಿನಾರನೆಯ ಶತಮಾನಕ್ಕೆ ಇಳಿಸಿದವರೂ ಉಂಟು. ಎರಡು ಶತಮಾನಗಳ ಈ ಅಂತರ ಸಾಮಾನ್ಯವಾದುದಲ್ಲ. ಮೊದಲನೆಯದು ನಿಜವಾದರೆ ವಿಜಯನಗರದ ವಾಸ್ತುವಿನ ಆರಂಭವನ್ನು ಇಲ್ಲಿ ಅರಸಬೇಕು. ಎರಡನೆಯದು ನಿಜವಾದರೆ ಹಳೆಯ ಹೊಯ್ಸಳ ಪದ್ಧತಿಯನ್ನು ಬುದ್ಧಿಪೂರ್ವಕವಾಗಿ ನೆನೆದು ಕಟ್ಟಿದ ಕಟ್ಟಡವೆಂದು ಇದನ್ನು ಓದಬೇಕು. ಇದು ಮಠದ ಗೌರವವನ್ನು ಹೆಚ್ಚುಕಡಮೆ ಮಾಡುವ ಪ್ರಶ್ನೆಯಲ್ಲವಾದುದರಿಂದ ನಿರ್ಭಯವಾಗಿ ವಿಚಾರಮಾಡಬಹುದು. ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪಕ್ಕೆ 1510ರ ಶಾಸನವಿದೆ. ಅದರ ಯಾಳಿಯ ಕಂಬಗಳ ಕಾಲ ನಿಶ್ಚಿತ. ಆ ಕಂಬದ ಪಾರ್ಶ್ವರೇಖೆಯನ್ನೂ ಶೃಂಗೇರಿಯ ಕಂಬದ ಪಾರ್ಶ್ವರೇಖೆಯನ್ನೂ, ಹೊಯ್ಸಳರ ಕಾಲ ಗೊತ್ತಿರುವ ಅಧಿಷ್ಠಾನವೊಂದನ್ನೂ ಶೃಂಗೇರಿಯ ಅಧಿಷ್ಠಾನವನ್ನೂ ಒಂದೇ ಪ್ರಮಾಣದಲ್ಲಿ ಬರೆದು ಜೋಡಿಸಿ ನೋಡದೆ ವಾದಕ್ಕಿಳಿಯುವುದು ಕೇವಲ ನಂಬಿಕೆಗೆ ನಂಬಿಕೆಯನ್ನು ಎದುರಿಡುವುದಾಗುತ್ತದೆ.

ಅಲ್ಲಿಯ ಹನ್ನೆರಡು ಕಂಬಗಳ ವಿಷಯವಾದ ಪ್ರತೀತಿಯೂ ಪರೀಕ್ಷೆಗೆ ಅರ್ಹವಾದುದು. ಪ್ರತಿಯೊಂದು ಕಂಬದ ಮೇಲೂ ಒಂದೊಂದು ರಾಶಿಯ ಚಿಹ್ನೆಯಿದ್ದು, ಆಯಾ ಸೌರಮಾಸದಲ್ಲಿ ಆಯಾ ಕಂಬದ ಮೇಲೆ ಸೂರ್ಯನ ಕಿರಣ ಬೀಳುವುದೆಂದು ಹೇಳುತ್ತಾರೆ. ನೆಲದ ಮೇಲೆ ನೆರಳಿನ ದಿಕ್ಕನ್ನು ಸೂಚಿಸುವ ಗೆರೆಗಳುಳ್ಳ ದೊಡ್ಡ ವೃತ್ತವೂ ಇದೆ. ಈ ಮಾತನ್ನು ಪುಸ್ತಕದಿಂದ ಪುಸ್ತಕಕ್ಕೆ ಎತ್ತಿ ಬರೆಯುತ್ತ ಬಂದವರಲ್ಲಿ ಯಾವ ಹೊತ್ತಿನ ಕಿರಣ, ಯಾವ ಬಾಗಿಲಿನಿಂದ ಬಂದುದು, ಕಂಬದ ಯಾವ ಮುಖಕ್ಕೆ ತಾಗಿದುದು ಎಂದು ಕೇಳಿದವರು ವಿರಳ. ಸೂರ್ಯನು ಉತ್ತರಕ್ಕೆ ಸರಿದು ಮತ್ತೆ ದಕ್ಷಿಣಕ್ಕೆ ಬರುವುದರಿಂದ, ಅಯನದ ಕೊನೆಗಳನ್ನು ಬಿಟ್ಟರೆ, ಉದಯದ ಒಂದೊಂದು ದಿಕ್ಕೂ ವರ್ಷದಲ್ಲಿ ಎರಡು ಸಲ ಮರಳುತ್ತದೆ. ಹೀಗಿರಲು ಉದಯದ ಕಿರಣವೊಂದರಿಂದಲೇ ಹನ್ನೆರಡು ಮಾಸಗಳನ್ನು ಹನ್ನೆರಡು ಕಂಬಗಳಿಗೆ ಹಂಚುವುದು ಹೇಗೆ? ಹೊತ್ತಿನ ಭೇದದಿಂದಲೋ, ಬಾಗಿಲುಗಳ ಭೇದದಿಂದಲೋ, ಅಥವಾ ಕಂಬಗಳ ಕ್ರಮವು ಕೇವಲ ಸಾಂಕೇತಿಕವೋ? ವೃತ್ತವನ್ನೂ ಕಂಬಗಳನ್ನೂ ಬಾಗಿಲುಗಳನ್ನೂ ಒಂದು ನೆಲಚಿತ್ರದಲ್ಲಿ ಸರಿಯಾಗಿ ಬರೆದು, ಬಿಸಿಲು ಬಿದ್ದ ಎಡೆಯನ್ನು ತಿಂಗಳು ತಿಂಗಳೂ ಹೊತ್ತಿನೊಡನೆ ಗುರುತಿಸಿದರೆ ಒಂದು ವರ್ಷದಲ್ಲಿ ಉತ್ತರ ದೊರೆಯುತ್ತದೆ. ಉತ್ತರವು ಏನೇ ಆಗಲಿ, ಅದನ್ನು ಕಟ್ಟಿದವರ ಬುದ್ಧಿಗೆ ಆಶ್ಚರ್ಯಚಿಹ್ನೆಗಿಂತ ಹೆಚ್ಚಿನ ಗೌರವವನ್ನು ಅದು ಸಲ್ಲಿಸುವುದು.

ದೊಡ್ಡ ದೇವಾಲಯಕ್ಕೆ ಆಗಾಗ ವಿದ್ವಾಂಸರಾದರೂ ಬರುವರು. ಅದೇ ಸೀಮೆಯ ಹಳ್ಳಿಗಳ ಕಟ್ಟಡಗಳಿಗೆ ಆ ಭಾಗ್ಯವೂ ಇಲ್ಲ. ಕೊಪ್ಪ ತಾಲ್ಲೂಕಿನ ಬಸರೀಕಟ್ಟೆಯನ್ನು ತೆಗೆದುಕೊಳ್ಳಬಹುದು. ಬಸರಿಯ ಮರ, ಅದರ ಬುಡಕ್ಕೆ ಕಟ್ಟಿದ ಕಟ್ಟೆ: ಈ ಊರಿನ ಹೆಸರೇ ಒಂದು ವಾಸ್ತುವಿವರ. ಎಪಿಗ್ರಾಫಿಯಾ ಕರ್ಣಾಟಿಕದ ಆರನೆಯ ಸಂಪುಟವು 1901ರಲ್ಲಿ ಕಡೂರು ಜಿಲ್ಲೆಯ ಶಾಸನಗಳನ್ನು ಒಟ್ಟುಗೂಡಿಸಿತು. ಮರದ ಕಟ್ಟೆಗೆ ಅಕ್ಷರವಿಲ್ಲವಾದುದರಿಂದ ಅಂಥ ಸಂಪುಟಗಳಲ್ಲಿ ಅದಕ್ಕೆ ಎಡೆಯಿಲ್ಲ. ಕಟ್ಟೆಯ ಕಲ್ಲುಗಳನ್ನು ಗಾರೆಯಿಂದ ಕಟ್ಟಿದೆಯೋ ಬರಿಯ ಜೋಡಣೆಯೋ, ಮೆಟ್ಟಲು ಯಾವ ದಿಕ್ಕಿಗೆ, ನಾಗರಕಲ್ಲುಗಳು ಎಲ್ಲಿ, ಬೆಳೆದ ಬೇರು ಯಾವ ಕಲ್ಲನ್ನು ಸರಿಸಿದೆ—ಇಷ್ಟನ್ನು ಒಂದು ಹಾಳೆಯ ಚಿತ್ರ ಹೇಳಬಲ್ಲದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಹಳೆಯ ತೊಟ್ಟಿಮನೆಗಳ ವಿಷಯವೂ ಹಾಗೆಯೇ. ಮಳೆ ಬಲವಾದ ನಾಡಿನಲ್ಲಿ ಮಾಡಿನ ಇಳಿಜಾರು, ಸೂರಿನ ಚಾಚು, ಜಗಲಿಯ ಎತ್ತರ ಇವೆಲ್ಲ ನೀರಿಗೆ ಕೊಟ್ಟ ಉತ್ತರಗಳು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ತರುವಾಯ ಹುಲ್ಲು, ಸೋಗೆ, ನಾಡಹಂಚುಗಳ ಎಡೆಯನ್ನು ಹೊಸ ಹಂಚು ಆಕ್ರಮಿಸಿತು. ಯಾವ ಮನೆಯ ಮರಗೆಲಸ ಹಳೆಯ ಮಾಡಿಗೆ ತಕ್ಕುದು, ಯಾವುದು ಹೊಸ ಹಂಚಿಗೆಂದೇ ಮಾಡಿದುದು ಎಂಬುದು ತೊಲೆ ಜಂತೆಗಳ ಕೂಡಿಕೆಯನ್ನು ಬರೆದಾಗ ಗೊತ್ತಾಗತಕ್ಕ ಸಂಗತಿ. ಮರದ ಮನೆ ಒಮ್ಮೆ ಬಿಚ್ಚಿತೆಂದರೆ ಅದರ ಕಂಬ ಬೇರೆ ಮನೆಗೆ ಹೋಗುತ್ತದೆ, ಬಾಗಿಲು ಮಾರಾಟವಾಗುತ್ತದೆ. ಕಲ್ಲಿನ ಗುಡಿಯಂತೆ ಅದು ಪಾಳುಬಿದ್ದಾದರೂ ಕಾಯುವುದಿಲ್ಲ.

ಇದರಿಂದ ಸಾಹಿತ್ಯದ ಅಧ್ಯಾಪಕರಿಗೇನೆಂಬ ಪ್ರಶ್ನೆಗೆ ಕುವೆಂಪುರವರ ಗದ್ಯವೇ ಉತ್ತರ. ಮಲೆನಾಡಿನ ಕಾದಂಬರಿಗಳಲ್ಲಿ ಜನರು ಬರುವುದು, ಕೂರುವುದು, ತಡೆಯುವುದು, ಒಳಗಾಗುವುದು ಎಲ್ಲವೂ ಮನೆಯ ಅಂಗಗಳಿಗೆ ಅನುಸಾರವಾಗಿ ನಡೆಯುತ್ತದೆ. ಜಗಲಿಯ ಅಂಚಿನ ಕೆಸರುಹಲಗೆಯ ಮೇಲೆ ಕುಳಿತವನು ಮನೆಗೆ ಎಷ್ಟು ಹತ್ತಿರದವನು, ಎಷ್ಟು ದೂರದವನು ಎಂಬುದನ್ನು ಆ ಹಲಗೆಯ ಸ್ಥಾನವೇ ಹೇಳುತ್ತದೆ. ಬಯಲುಸೀಮೆಯ ವಿದ್ಯಾರ್ಥಿಗೆ ‘ಒಂದು ಬಗೆಯ ಹಲಗೆ’ ಎಂಬ ಟಿಪ್ಪಣಿಯಿಂದ ಈ ಅರ್ಥ ಹೊಳೆಯದು. ಅಂಗಳ, ಮೆಟ್ಟಲು, ಕೆಸರುಹಲಗೆ, ಜಗಲಿ, ಬಾಗಿಲು ಇವುಗಳನ್ನು ಅನುಕ್ರಮವಾಗಿ ತೋರಿಸುವ ಒಂದು ಅಡ್ಡಕೊಯ್ತದ ಚಿತ್ರವಿದ್ದರೆ ಆ ಸನ್ನಿವೇಶದ ಮರ್ಯಾದೆ, ಸಂಕೋಚ, ಅಂತಸ್ತುಗಳೆಲ್ಲ ಒಮ್ಮೆಗೇ ತಿಳಿಯುತ್ತವೆ. 1933ರ ‘ಮಲೆನಾಡಿನ ಚಿತ್ರಗಳು’ ಎಂಬ ಹೆಸರಿನಲ್ಲಿಯೇ ಲೇಖಕರು ಚಿತ್ರವೆಂಬ ಶಬ್ದವನ್ನು ಗದ್ಯಕ್ಕೆ ಸಲ್ಲಿಸಿದ್ದಾರೆ. ಆ ಗದ್ಯವನ್ನು ಪಾಠಹೇಳುವವರು ಚಿತ್ರಕ್ಕೆ ಹೆದರಬೇಕಾದುದಿಲ್ಲ.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಛಾಯಾಚಿತ್ರವೂ, ಈಚೆಗೆ ಬಂದಿರುವ ಲೇಸರ್ ಅಳತೆಯೂ ಕೈಗಿಂತ ನಿಖರವಲ್ಲವೆ ಎಂಬುದು ಮೊದಲನೆಯದು. ಅಹುದು, ಮತ್ತು ಕೈತಪ್ಪನ್ನು ತಿದ್ದಲು ಅವು ಅವಶ್ಯಕ. ಆದರೆ ಯಂತ್ರವು ಕಂಬವನ್ನೂ ಅದರ ಮೇಲಿನ ಕಲೆಯನ್ನೂ ಸಮನಾಗಿ ಗ್ರಹಿಸುತ್ತದೆ. ಯಾವುದು ಅಂಗ, ಯಾವುದು ಆಕಸ್ಮಿಕವೆಂಬ ವಿವೇಕ ಅದರದಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರುವ ಮೊದಲೂ ಆಮೇಲೂ ಅವುಗಳ ಛಾಯಾಚಿತ್ರಗಳಿಗೆ ಬರವಿಲ್ಲ; ಬರವಿರುವುದು ಅವನ್ನು ಓದಬಲ್ಲ ಕಣ್ಣಿಗೆ. ಚಿತ್ರಕಾರನು ತನಗೆ ತಿಳಿದಂತೆ ಕಟ್ಟಡವನ್ನು ತಿದ್ದಿಬಿಡುವನೆಂಬುದು ಎರಡನೆಯ ಆಕ್ಷೇಪ. ಇದು ಹೆಚ್ಚು ಗಟ್ಟಿಯಾದುದು; ಫರ್ಗುಸನ್ನನ ಶಿಖರಗಳೇ ಇದಕ್ಕೆ ಸಾಕ್ಷಿ. ಪರಿಹಾರವು ಶಾಸನಸಂಪಾದನೆಯಲ್ಲಿ ಆಗಲೇ ರೂಢಿಯಲ್ಲಿದೆ. ಅಳಿದ ಅಕ್ಷರವನ್ನು ಊಹಿಸಿದಾಗ ಸಂಪಾದಕನು ಅದನ್ನು ಆವರಣಚಿಹ್ನೆಯಲ್ಲಿಡುವಂತೆ, ಊಹಿಸಿದ ಗೆರೆಯನ್ನು ಚಿತ್ರಕಾರನು ಚುಕ್ಕೆಗಳಿಂದ ಬರೆಯತಕ್ಕದ್ದು. ಪ್ರತಿಯೊಂದು ಹಾಳೆಯ ಮೇಲೂ ತಾರೀಖು, ಹೊತ್ತು, ನಿಂತ ಸ್ಥಳ, ಅಳತೆಯ ಪ್ರಮಾಣಗಳಿರತಕ್ಕದ್ದು. ಮುರಿದುದನ್ನು ಮುರಿದಂತೆಯೇ ಬರೆಯತಕ್ಕದ್ದು.

ಮಲೆನಾಡಿನಲ್ಲಿ ಈ ಕೆಲಸಕ್ಕೆ ಋತು ದೊಡ್ಡದಲ್ಲ. ಜೇಷ್ಠದಿಂದ ಭಾದ್ರಪದದ ವರೆಗೆ ಕಾಗದವೇ ನಿಲ್ಲದು. ಕಾರ್ತಿಕದ ತರುವಾಯ ಫಾಲ್ಗುನದ ವರೆಗಿನ ಬೆಳಗುಗಳು ಅನುಕೂಲವಾದುವು, ಓರೆಯಾದ ಬಿಸಿಲಿನಲ್ಲಿ ಪಟ್ಟಿಕೆಗಳ ಏರುತಗ್ಗು ತಾನಾಗಿ ಬಿಡಿಸಿಕೊಳ್ಳುತ್ತದೆ. ಬೇಕಾದುದು ಒಂದು ಹಲಗೆ, ಹಾಳೆ, ಸೀಸದಕಡ್ಡಿ, ಅಳತೆಯ ಪಟ್ಟಿ. ಕೊಪ್ಪ ಶೃಂಗೇರಿಗಳ ಶಾಲೆ ಕಾಲೇಜುಗಳ ಕನ್ನಡದ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳೊಡನೆ ವರ್ಷಕ್ಕೆ ಒಂದು ಮನೆಯನ್ನೂ ಒಂದು ಕಟ್ಟೆಯನ್ನೂ ಬರೆದು, ಅಂಗಗಳಿಗೆ ಅಲ್ಲಿಯ ಬಡಗಿಯೂ ಮನೆಯ ಹಿರಿಯರೂ ಹೇಳುವ ಹೆಸರುಗಳನ್ನು ಪಕ್ಕದಲ್ಲಿ ಗುರುತಿಸಿಟ್ಟರೆ, ನಿಘಂಟಿಗೂ ವಾಸ್ತುಚರಿತ್ರೆಗೂ ಕಾದಂಬರಿಯ ಪಾಠಕ್ಕೂ ಒಂದೇ ಪ್ರಯತ್ನದಿಂದ ಸಾಮಗ್ರಿ ದೊರೆತಂತಾಗುವುದು. ಅಂಥ ಹಾಳೆಗಳು ಶೇಖರವಾದ ಮೇಲೆ ಶೃಂಗೇರಿಯ ಗುಡಿಯ ಕಾಲವನ್ನಾಗಲಿ ಬಸರೀಕಟ್ಟೆಯ ಮನೆಯ ಜಗಲಿಯನ್ನಾಗಲಿ ಕುರಿತು ಬರೆಯುವವರಿಗೆ ವಿಶೇಷಣಗಳ ಅವಶ್ಯಕತೆ ತಾನಾಗಿಯೇ ಕಡಮೆಯಾಗುವುದು.